ಇನ್ನೂರು ಗಂಟೆಗಳೂ ಒಬ್ಬ ಗುರುವೂ

ದ್ವಿತೀಯ ಪಿ.ಯು.ಸಿ. ಪರೀಕ್ಷೆಯ ಫಲಿತಾಂಶ ಹೊರಬೀಳುವ ದಿನಗಳಲ್ಲಿ, ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಜಾಹೀರಾತುಗಳ ನಡುವೆ, ಬಿಳಿಯ ಅಂಗಿಯ ಹೆಗಲ ಮೇಲೆ ಹೊಂಬಣ್ಣದ ಪಟ್ಟಿಗಳನ್ನು ಧರಿಸಿ ಮುಗುಳ್ನಗುವ ತರುಣ ತರುಣಿಯರ ಚಿತ್ರವೊಂದು ಈಚಿನ ವರ್ಷಗಳಲ್ಲಿ ನಮ್ಮ ಪತ್ರಿಕೆಗಳಲ್ಲಿ ತಪ್ಪದೆ ಕಾಣಿಸಿಕೊಳ್ಳುತ್ತಿದೆ. ಇಂತಿಷ್ಟು ತಿಂಗಳುಗಳಲ್ಲಿ ಪೈಲಟ್ ಆಗಿರೆಂಬ ಆಹ್ವಾನ ಅದರ ಕೆಳಗೆ ದಪ್ಪಕ್ಷರಗಳಲ್ಲಿರುತ್ತದೆ. ಆ ಆಹ್ವಾನಕ್ಕೆ ಓಗೊಟ್ಟು ಮನೆ ಜಮೀನುಗಳನ್ನು ಒತ್ತೆಯಿಡಲು ಸಿದ್ಧರಾಗುವ ತಂದೆತಾಯಿಗಳು ಸಾಮಾನ್ಯವಾಗಿ ವಿಚಾರಿಸುವುದು ಎರಡೇ ಸಂಗತಿಗಳನ್ನು: ಖರ್ಚೆಷ್ಟು, ಕೆಲಸ ಯಾವಾಗ. ಇವೆರಡರ ನಡುವೆ ಯಾರ ಕಣ್ಣಿಗೂ ಬೀಳದೆ ನಿಂತಿರುವ ಮೂರನೆಯ ಸಂಗತಿಯೊಂದಿದೆ. ಅದು ಕಲಿಸುವವರು ಯಾರು ಎಂಬುದು. ತಂದೆತಾಯಿಗಳು ಇದನ್ನು ಕೇಳದಿರುವುದು ಕ್ಷಮ್ಯ. ಆದರೆ ಪರವಾನಗಿ ಕೊಡುವ ನಮ್ಮ ವ್ಯವಸ್ಥೆಯೂ ಅಳೆಯಲು ಸುಲಭವಾದುದನ್ನೆಲ್ಲ ಜಾಗರೂಕತೆಯಿಂದ ಅಳೆದು, ಅಳೆಯಲು ಕಷ್ಟವಾದುದನ್ನು ಬಹುಮಟ್ಟಿಗೆ ಅದೃಷ್ಟಕ್ಕೆ ಬಿಟ್ಟಿದೆಯೆಂಬುದು ನನ್ನ ಅಭಿಪ್ರಾಯ.

ನಿಯಮಗಳನ್ನು ಮೊದಲು ನೋಡಬಹುದು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಎಂದರೆ ಜನರ ಬಾಯಲ್ಲಿ ಡಿಜಿಸಿಎ ಎನಿಸಿಕೊಂಡಿರುವ ಸಂಸ್ಥೆ, 1937ರಿಂದ ಕಾಲಕಾಲಕ್ಕೆ ತಿದ್ದುಪಡಿ ಹೊಂದುತ್ತ ಬಂದಿರುವ ವಿಮಾನ ನಿಯಮಗಳ ಪ್ರಕಾರ ಚಾಲಕರಿಗೆ ಮೆಟ್ಟಿಲು ಮೆಟ್ಟಿಲಾಗಿ ಅನುಮತಿ ನೀಡುತ್ತದೆ. ಹದಿನಾರು ತುಂಬಿದವರಿಗೆ ವಿದ್ಯಾರ್ಥಿ ಪರವಾನಗಿ. ಹದಿನೇಳು ತುಂಬಿ 40 ಗಂಟೆ ಹಾರಿದವರಿಗೆ ಖಾಸಗಿ ಪರವಾನಗಿ, ಇದನ್ನು ಪಡೆದವನು ಗೆಳೆಯರನ್ನು ಕೂರಿಸಿಕೊಂಡು ಹಾರಬಹುದೇ ಹೊರತು ಅದರಿಂದ ಸಂಬಳ ಪಡೆಯುವಂತಿಲ್ಲ. ಹದಿನೆಂಟು ತುಂಬಿ 200 ಗಂಟೆ ಹಾರಿದವರಿಗೆ ಸಿಪಿಎಲ್ ಎಂಬ ವಾಣಿಜ್ಯ ಪರವಾನಗಿ. ಇಪ್ಪತ್ತೊಂದು ತುಂಬಿ 1500 ಗಂಟೆ ಹಾರಿದವರಿಗೆ, ಪ್ರಯಾಣಿಕ ವಿಮಾನದ ಎಡಗಡೆಯ ಆಸನದಲ್ಲಿ ಕ್ಯಾಪ್ಟನ್ ಆಗಿ ಕೂರುವ ಹಕ್ಕಿಗೆ ಆಧಾರವಾದ ಎಟಿಪಿಎಲ್. ನಮ್ಮ ಮಕ್ಕಳು ಹಂಬಲಿಸುವುದೂ, ಜಾಹೀರಾತುಗಳು ಮಾರುವುದೂ ಮೂರನೆಯ ಮೆಟ್ಟಿಲನ್ನು. ಅದಕ್ಕಾಗಿ ವಾಯುಸಂಚಾರ, ಪವನವಿಜ್ಞಾನ, ವಿಮಾನ ನಿಯಮಗಳು, ಯಂತ್ರಜ್ಞಾನ ಎಂಬ ವಿಷಯಗಳಲ್ಲಿ ನೂರಕ್ಕೆ ಎಪ್ಪತ್ತರಂತೆ ಅಂಕ ಗಳಿಸಬೇಕು. ರೇಡಿಯೋ ಮೂಲಕ ಗೋಪುರದೊಡನೆ ಸಂಭಾಷಿಸುವ ಪರೀಕ್ಷೆಯಲ್ಲಿ ಬೇರೆಯಾಗಿ ತೇರ್ಗಡೆಯಾಗಬೇಕು. ದೇಹಪರೀಕ್ಷೆಯಲ್ಲಿ ಮೊದಲು ಎರಡನೆಯ ದರ್ಜೆಯ, ಅನಂತರ ಒಂದನೆಯ ದರ್ಜೆಯ ಯೋಗ್ಯತಾಪತ್ರ ಪಡೆಯಬೇಕು.

ದೇಹಪರೀಕ್ಷೆಯ ವಿಷಯದಲ್ಲಿ ಒಂದು ಮಾತು. ಕನ್ನಡಕ ಹಾಕಿದವನು ಪೈಲಟ್ ಆಗಲಾರನೆಂಬ ನಂಬಿಕೆ ನಮ್ಮ ಊರುಗಳಲ್ಲಿ ಎಷ್ಟು ಬೇರೂರಿದೆಯೆಂದರೆ, ಎಂಟನೆಯ ತರಗತಿಯಲ್ಲಿ ಕಣ್ಣಿಗೆ ಕನ್ನಡಕ ಬಂದ ದಿನವೇ ಆ ಆಸೆಯನ್ನು ಕೈಬಿಟ್ಟ ಮಕ್ಕಳು ಬೇಕಾದಷ್ಟಿದ್ದಾರೆ. ವಾಯುಪಡೆಯ ಕಟ್ಟುನಿಟ್ಟು ಬೇರೆ. ನಾಗರಿಕ ವಿಮಾನಯಾನದಲ್ಲಿ ಕನ್ನಡಕದಿಂದ ದೃಷ್ಟಿ ಸರಿಹೋಗುವುದಾದರೆ ಅಡ್ಡಿಯಿಲ್ಲ. ಬಣ್ಣಗಳನ್ನು ಗುರುತಿಸುವ ಶಕ್ತಿ ಕುಂದಿರುವುದು ಬಾಗಿಲಲ್ಲಿಯೇ ತಡೆಯಬಲ್ಲ ದೋಷ, ಮತ್ತು ಅದು ಇರುವುದು ಹಲವರಿಗೆ ಪರೀಕ್ಷೆಯ ಮೇಜಿನ ಮುಂದೆ ಕುಳಿತು, ಚುಕ್ಕೆಗಳ ನಡುವಿನ ಅಂಕಿಯನ್ನು ಓದಲಾರದೆ ಹೋಗುವವರೆಗೆ ತಿಳಿದೇ ಇರುವುದಿಲ್ಲ. 1957ರಲ್ಲಿ ಆರಂಭವಾದ ವಾಯುಪಡೆಯ ವೈಮಾನಿಕ ವೈದ್ಯಶಾಸ್ತ್ರದ ಸಂಸ್ಥೆ ಬೆಂಗಳೂರಿನಲ್ಲಿಯೇ, ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿದೆ. ದೇಶದ ಎಷ್ಟೋ ಮಂದಿ ಚಾಲಕರು ಅಲ್ಲಿಯ ವೈದ್ಯರ ಕೈಯಿಂದ ಹಾದುಹೋಗಿದ್ದಾರೆ. ಮೊದಲು ವೈದ್ಯರನ್ನು ಕಂಡು ಆಮೇಲೆ ಶಾಲೆಗೆ ಹಣ ಕಟ್ಟತಕ್ಕದ್ದು; ಈ ಕ್ರಮವನ್ನು ತಲೆಕೆಳಗು ಮಾಡಿ ಅಳುವವರ ಸಂಖ್ಯೆ ಸಣ್ಣದಲ್ಲ.

ಈಗ ಚರ್ಚೆಯಲ್ಲಿರುವುದು ವಿದ್ಯಾರ್ಹತೆ. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ ಮತ್ತು ಗಣಿತವನ್ನು ಓದಿ ತೇರ್ಗಡೆಯಾಗಿರಬೇಕೆಂಬ ನಿಬಂಧನೆ 1990ರ ದಶಕದ ಮಧ್ಯಭಾಗದಿಂದೀಚಿನದು. ಅದಕ್ಕೆ ಮುಂಚೆ ಹತ್ತನೆಯ ತರಗತಿಯೇ ಸಾಕಾಗಿತ್ತು. ಕಲೆ ಮತ್ತು ವಾಣಿಜ್ಯ ವಿಭಾಗದವರಿಗೂ ಬಾಗಿಲು ತೆರೆಯುವ ಆಲೋಚನೆ ಸರ್ಕಾರದಲ್ಲಿ ನಡೆದಿದೆಯೆಂಬ ವಾರ್ತೆ 2025ರಲ್ಲಿ ಬಂದಾಗ, ಸುರಕ್ಷತೆಯ ಗತಿಯೇನೆಂದು ಆತಂಕಪಟ್ಟವರೂ ಉಂಟು, ಇನ್ನು ಮುಂದೆ ಗಣಿತದ ಕಾಟ ತಪ್ಪಿತೆಂದು ಹಿಗ್ಗಿದವರೂ ಉಂಟು. ಇಬ್ಬರೂ ಅವಸರ ಮಾಡಿದರೆಂದು ನನಗೆ ತೋರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿದೆಯಷ್ಟೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಉಷ್ಣತೆ 35 ಡಿಗ್ರಿಗೆ ಏರಿದಾಗ, ಇಲ್ಲಿಯ ಗಾಳಿ ವಿಮಾನದ ರೆಕ್ಕೆಗೂ ಎಂಜಿನ್ನಿಗೂ 6000 ಅಡಿ ಎತ್ತರದ ಗಾಳಿಯಷ್ಟು ತೆಳುವಾಗಿ ಒದಗುತ್ತದೆ. ಬೆಳಗಿನ ತಂಪಿನಲ್ಲಿ ಲೀಲೆಯಿಂದ ನೆಲಬಿಟ್ಟೆದ್ದ ಅದೇ ಪುಟ್ಟ ವಿಮಾನ, ಅದೇ ಇಬ್ಬರನ್ನು ಹೊತ್ತು, ಅದೇ ಓಡುಹಾದಿಯಲ್ಲಿ ಬಹಳ ದೂರ ಓಡಿ ಬಹಳ ನಿಧಾನವಾಗಿ ಮೇಲೇರುತ್ತದೆ. ಇದನ್ನು ಅರಿಯಲು ಭೌತಶಾಸ್ತ್ರ ಬೇಕೇ ಬೇಕು. ಆದರೆ ಆ ಭೌತಶಾಸ್ತ್ರವನ್ನು, ಪರೀಕ್ಷೆಯ ಹಿಂದಿನ ತಿಂಗಳು ಗೈಡುಪುಸ್ತಕ ಉರುಹೊಡೆದು ಪಡೆದ ಪಿ.ಯು.ಸಿ. ಅಂಕಪಟ್ಟಿ ಖಾತರಿಗೊಳಿಸುತ್ತದೆಯೇ? ವಾಣಿಜ್ಯ ಓದಿದ ಹುಡುಗಿಯೊಬ್ಬಳು ಇಂದು ಮುಕ್ತ ಶಾಲೆಯ ಮೂಲಕ ಆ ಎರಡು ವಿಷಯಗಳಲ್ಲಿ ಹೇಗೋ ಪಾಸಾಗಿ ಬಂದರೆ ಕಾಯಿದೆಗೆ ತೃಪ್ತಿಯಾಗುತ್ತದೆ. ಹಾಗಿದ್ದ ಮೇಲೆ, ಪ್ರವೇಶದ ಬಾಗಿಲಲ್ಲಿ ಹಳೆಯ ಅಂಕಪಟ್ಟಿಯನ್ನು ಕೇಳುವ ಬದಲು, ಒಳಗೆ ಬಂದವರಿಗೆ ಇದೇ ವಿಷಯವನ್ನು ವಿಮಾನದ ಪಕ್ಕದಲ್ಲಿ ನಿಲ್ಲಿಸಿ ಬೋಧಿಸಿ, ಪರೀಕ್ಷೆಯನ್ನು ಈಗಿನದಕ್ಕಿಂತ ಬಿಗಿಮಾಡುವುದು ಹೆಚ್ಚು ಪ್ರಾಮಾಣಿಕವಾದ ದಾರಿ. ಬಾಗಿಲು ಅಗಲವಾಗಲಿ, ಒಳಗಿನ ಜರಡಿ ಸಣ್ಣದಾಗಲಿ.

ಇನ್ನು ಆ 200 ಗಂಟೆಗಳ ವಿಚಾರ. ಇವುಗಳಲ್ಲಿ 100 ಗಂಟೆಗಳಾದರೂ ವಿದ್ಯಾರ್ಥಿ ತಾನೇ ವಿಮಾನದ ಹೊಣೆಗಾರನಾಗಿ ಹಾರಿರಬೇಕು. ಊರಿಂದೂರಿಗೆ 20 ಗಂಟೆ ಹಾರಿರಬೇಕು, ಅದರಲ್ಲಿ ಒಂದು ಪ್ರಯಾಣ 300 ನಾವಿಕ ಮೈಲಿಗೆ, ಎಂದರೆ 555 ಕಿಲೋಮೀಟರಿಗೆ, ಕಡಿಮೆಯಿಲ್ಲದಂತಿದ್ದು ನಡುವೆ ಬೇರೆ ಎರಡು ನಿಲ್ದಾಣಗಳಲ್ಲಿ ಇಳಿದಿರಬೇಕು. ಹೊರಗಿನದೇನನ್ನೂ ನೋಡದೆ ಉಪಕರಣಗಳ ಮುಳ್ಳುಗಳನ್ನಷ್ಟೇ ನಂಬಿ 10 ಗಂಟೆ. ರಾತ್ರಿಯ ಹೊತ್ತು 5 ಗಂಟೆ, ಹತ್ತು ಸಲ ಏರಿ ಹತ್ತು ಸಲ ಇಳಿದು. ಕಾಗದದ ಮೇಲೆ ಇದು ವಿವೇಚನೆಯಿಂದ ಮಾಡಿದ ಹಂಚಿಕೆಯೇ; ದೋಷ ಹುಡುಕಲು ನಾನು ಹೊರಟಿಲ್ಲ. ಆದರೆ ಲಾಗ್‌ಬುಕ್ಕಿನಲ್ಲಿ ಒಂದು ಗಂಟೆ ಇನ್ನೊಂದು ಗಂಟೆಯ ಹಾಗೆಯೇ ಕಾಣುತ್ತದೆ. ಶಾಂತವಾದ ಬೆಳಗಿನಲ್ಲಿ ನಿಲ್ದಾಣವನ್ನು ಸುಮ್ಮನೆ ಸುತ್ತಿದ ಗಂಟೆಯೂ, ಮುಂಗಾರಿನ ಪಡುವಣ ಗಾಳಿ ಅಡ್ಡ ಬೀಸುವಾಗ ಇಳಿಯಲೋ ಬೇಡವೋ ಎಂದು ಮೂರು ಸಲ ಯೋಚಿಸಿ ಕಡೆಗೆ ಬೇಡವೆಂದು ತೀರ್ಮಾನಿಸಿದ ಗಂಟೆಯೂ ಅಲ್ಲಿ ಒಂದೇ ಅಂಕಿ.

ಈ ಎರಡು ಬಗೆಯ ಗಂಟೆಗಳ ಭೇದವನ್ನು ಬಲ್ಲವನು ಬೋಧಕನೊಬ್ಬನೇ. ತರಬೇತಿಯ ಮೈದಾನದಲ್ಲಿ ಬೆಳಗ್ಗೆ ಆರೂವರೆಗೆ ನಡೆಯುವುದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಸೆಸ್ನಾ ವಿಮಾನದ ರೆಕ್ಕೆಯಡಿಯ ಸಣ್ಣ ಕಂಡಿಗೆ ಪಾರದರ್ಶಕವಾದ ಬಟ್ಟಲೊಂದನ್ನು ಒತ್ತಿಹಿಡಿದು ವಿದ್ಯಾರ್ಥಿ ಸ್ವಲ್ಪ ಇಂಧನವನ್ನು ಬಸಿಯುತ್ತಾನೆ. ಅದನ್ನು ಆಕಾಶಕ್ಕೆ ಹಿಡಿದು ನೋಡಬೇಕು. ವಿಮಾನದ ಪೆಟ್ರೋಲಿಗೆ ತಿಳಿನೀಲಿ ಬಣ್ಣ ಬೆರೆಸಿರುತ್ತಾರೆ. ರಾತ್ರಿಯ ಇಬ್ಬನಿ ಟ್ಯಾಂಕಿನೊಳಗೆ ನೀರಾಗಿದ್ದರೆ ಆ ನೀರು ಬಣ್ಣವಿಲ್ಲದ ಗುಂಡನೆಯ ಹನಿಯಾಗಿ ಬಟ್ಟಲಿನ ತಳಕ್ಕೆ ಇಳಿಯುತ್ತದೆ. ಆದರೆ ಟ್ಯಾಂಕಿನಿಂದ ಬಂದುದೆಲ್ಲ ಬರಿಯ ನೀರೇ ಆಗಿದ್ದರೆ? ಆಗ ಬಟ್ಟಲಿನಲ್ಲಿ ಎರಡು ಪದರಗಳು ಕಾಣುವುದಿಲ್ಲ, ಎಲ್ಲವೂ ಒಂದೇ ಸಮನಾಗಿ ಸ್ವಚ್ಛವಾಗಿರುತ್ತದೆ. ಹನಿಯನ್ನಷ್ಟೇ ಹುಡುಕುವ ಕಣ್ಣು, ದೋಷವಿಲ್ಲವೆಂದು ಸಂತೋಷಪಟ್ಟು ಮುಂದಕ್ಕೆ ಹೋಗುತ್ತದೆ. ಒಳ್ಳೆಯ ಬೋಧಕನು ಹಿಂದೆ ಕೈಕಟ್ಟಿ ನಿಂತು ಕೇಳುವುದು, ‘ಹನಿ ಇದೆಯೇ’ ಎಂದಲ್ಲ, ‘ಬಣ್ಣ ಯಾವುದು’ ಎಂದು. ಪಟ್ಟಿಯಲ್ಲಿ ಗುರುತು ಹಾಕುವುದನ್ನು ಯಾರಾದರೂ ಕಲಿಸಬಹುದು. ಕಂಡುದನ್ನು ಶಂಕಿಸುವುದನ್ನು ಕಲಿಸಲು ತಕ್ಕ ಗುರುವೇ ಬೇಕು.

ಅದೇ ಬೋಧಕನು ಒಂದು ದಿನ, ಮೊದಲೇ ಹೇಳದೆ, ಇಳಿದ ವಿಮಾನವನ್ನು ಬದಿಗೆ ನಿಲ್ಲಿಸಲು ಹೇಳಿ, ತನ್ನ ಆಸನದ ಪಟ್ಟಿಯನ್ನು ಖಾಲಿ ಆಸನದ ಮೇಲೆ ಭದ್ರವಾಗಿ ಬಿಗಿದು, ‘ಒಂದು ಸುತ್ತು ನೀನೇ ಹೋಗಿ ಬಾ’ ಎಂದು ಬಾಗಿಲು ಹಾಕಿ ಹುಲ್ಲಿನ ಮೇಲೆ ನಿಂತುಬಿಡುತ್ತಾನೆ. ಒಬ್ಬನ ಭಾರ ಕಡಿಮೆಯಾದ ವಿಮಾನ, ಪ್ರತಿದಿನ ಏಳುತ್ತಿದ್ದ ಜಾಗಕ್ಕಿಂತ ಮುಂಚೆಯೇ ನೆಲವನ್ನು ಬಿಡುತ್ತದೆ, ಮತ್ತು ಬಲಗಡೆಯಿಂದ ಯಾವ ಧ್ವನಿಯೂ ಬರುವುದಿಲ್ಲ. ಈ ಮೊದಲ ಏಕಾಂಗಿ ಹಾರಾಟಕ್ಕೆ ವಿದ್ಯಾರ್ಥಿ ಎಷ್ಟನೆಯ ಗಂಟೆಯಲ್ಲಿ ಸಿದ್ಧನಾದನೆಂಬುದನ್ನು ಯಾವ ಕಾಯಿದೆಯೂ ನಿರ್ಧರಿಸಲಾರದು. ಒಬ್ಬನಿಗೆ ಹದಿನೈದು, ಇನ್ನೊಬ್ಬನಿಗೆ ಮೂವತ್ತು. ನಿರ್ಧರಿಸುವವನ ತೂಕದ ಮೇಲೆ ಆ ನಿರ್ಧಾರದ ತೂಕ.

ಗಂಟೆಗಳಿಂದಲೇ ಸುರಕ್ಷತೆಯನ್ನು ಕೊಂಡುಕೊಳ್ಳಬಹುದೆಂಬ ಭ್ರಮೆ ನಮ್ಮದು ಮಾತ್ರವಲ್ಲ. 2009ರ ಫೆಬ್ರವರಿ 12ರ ರಾತ್ರಿ ಅಮೆರಿಕದ ಬಫಲೋ ನಗರದ ಬಳಿ ಕೋಲ್ಗನ್ ಏರ್ ಸಂಸ್ಥೆಯ ವಿಮಾನವೊಂದು ವೇಗ ಕಳೆದುಕೊಂಡು, ಎಚ್ಚರಿಕೆಯ ಸೂಚನೆ ಬಂದಾಗ ಮೂತಿಯನ್ನು ಕೆಳಗೆ ಮಾಡಬೇಕಾಗಿದ್ದ ಕ್ಯಾಪ್ಟನ್ ಅದನ್ನು ಮೇಲಕ್ಕೆಳೆದುದರಿಂದ, ಮನೆಯೊಂದರ ಮೇಲೆ ಬಿದ್ದು ಐವತ್ತು ಮಂದಿ ಸತ್ತರು. ಅದರ ಪರಿಣಾಮವಾಗಿ ಆ ದೇಶದ ಶಾಸನಸಭೆ ಸಹಚಾಲಕರಿಗೂ 1500 ಗಂಟೆಗಳನ್ನು ಕಡ್ಡಾಯ ಮಾಡಿತು. 2013ರಿಂದ ಅದು ಜಾರಿಯಲ್ಲಿದೆ. ಆದರೆ ಆ ವಿಮಾನದಲ್ಲಿದ್ದ ಇಬ್ಬರು ಚಾಲಕರೂ ಅಂದಿಗೇ 1500 ಗಂಟೆಗಳನ್ನು ಎಷ್ಟೋ ದಾಟಿದ್ದವರು! ಎಣಿಸಬಹುದಾದ ಒಂದು ಅಂಕಿಯನ್ನು ಹಿಗ್ಗಿಸಿದ ಶಾಸನಕಾರರಿಗೆ ಸಮಾಧಾನವಾಯಿತು. ಕೊರತೆಯಿದ್ದುದು ಬೇರೆ ಕಡೆ.

ಅಮೆರಿಕಕ್ಕೆ ಹೋಗಬೇಕಾದುದೂ ಇಲ್ಲ. 1990ರ ಫೆಬ್ರವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸಿನ ಏರ್‌ಬಸ್ 320 ವಿಮಾನ, ಬೆಂಗಳೂರಿನ ಎಚ್.ಎ.ಎಲ್. ನಿಲ್ದಾಣದ ಓಡುಹಾದಿಗೆ ಮುಂಚೆಯೇ, ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿಯಿತು; ಒಳಗಿದ್ದ 146 ಮಂದಿಯಲ್ಲಿ 92 ಮಂದಿ ಮೃತರಾದರು. ಆಕಾಶ ಸ್ವಚ್ಛವಾಗಿತ್ತು, ಮಧ್ಯಾಹ್ನದ ಬೆಳಕಿತ್ತು, ಯಂತ್ರದಲ್ಲಿ ದೋಷವಿರಲಿಲ್ಲ. ಕೆಲವೇ ವಾರಗಳ ಹಿಂದೆ ಸೇವೆಗೆ ಬಂದಿದ್ದ, ಗಣಕದ ಮೂಲಕ ನಡೆಯುವ ಆ ಹೊಸ ವಿಮಾನದಲ್ಲಿ, ಎಂಜಿನ್ನುಗಳನ್ನು ಕನಿಷ್ಠ ಶಕ್ತಿಯಲ್ಲಿಯೇ ಉಳಿಸಿ ಇಳಿಯುವ ಕ್ರಮವೊಂದು ಜಾರಿಯಲ್ಲಿದ್ದು ವೇಗ ಕುಗ್ಗುತ್ತಿರುವುದು ಚಾಲಕರ ಗಮನಕ್ಕೆ ಬರುವಷ್ಟರಲ್ಲಿ ಹೊತ್ತು ಮೀರಿತ್ತು. ಅನುಭವವಿಲ್ಲದವರು ಅವರಲ್ಲ, ಬೇರೆ ವಿಮಾನಗಳಲ್ಲಿ ಬಹಳ ಹಾರಿದ್ದವರು.

ಮಂಗಳೂರಿನ ಸಂಗತಿ ಇದಕ್ಕಿಂತ ಮನಮುಟ್ಟುವಂಥದು. 2010ರ ಮೇ 22ರ ಮುಂಜಾನೆ ದುಬೈಯಿಂದ ಬಜಪೆಗೆ ಬಂದ ವಿಮಾನದ ಕ್ಯಾಪ್ಟನ್ 10,000 ಗಂಟೆಗಳಿಗೂ ಹೆಚ್ಚು ಹಾರಿದ್ದವನು. ದಾರಿಯಲ್ಲಿ ಒಂದೂವರೆ ಗಂಟೆಗೂ ಮಿಕ್ಕಿ ನಿದ್ರಿಸಿ ಎದ್ದು, ಎತ್ತರವೂ ವೇಗವೂ ಹೆಚ್ಚಾಗಿದ್ದ ಸ್ಥಿತಿಯಲ್ಲಿಯೇ ಇಳಿಸಲು ಹಟ ಹಿಡಿದನು. ಪಕ್ಕದಲ್ಲಿದ್ದ ಸಹಚಾಲಕನು, ಇಳಿಸುವುದು ಬೇಡ, ಮತ್ತೆ ಮೇಲೇರಿ ಸುತ್ತಿ ಬರೋಣವೆಂದು ಮೂರು ಸಲ ಹೇಳಿದನು. ಯಂತ್ರವೂ ಎಚ್ಚರಿಸಿತು. ಬೆಟ್ಟದ ನೆತ್ತಿಯನ್ನು ಸಮಮಾಡಿ ರಚಿಸಿದ ಆ ಓಡುಹಾದಿಯ ಅರ್ಧಕ್ಕಿಂತ ಮುಂದೆ ನೆಲ ಮುಟ್ಟಿದ ವಿಮಾನ ನಿಲ್ಲದೆ ಕಣಿವೆಗೆ ಉರುಳಿ 158 ಮಂದಿ ಸತ್ತರು. ಉಳಿದವರು ಎಂಟೇ ಮಂದಿ. ವಿಚಾರಣಾ ಸಮಿತಿಯ ವರದಿಯಲ್ಲಿ ನನ್ನ ಗಮನವನ್ನು ಹಿಡಿದಿಟ್ಟ ಅಂಶವೆಂದರೆ, ಇಂಥ ಸಂದರ್ಭದಲ್ಲಿ ಸಹಚಾಲಕನು ತಾನೇ ನಿಯಂತ್ರಣವನ್ನು ಕೈಗೆತ್ತಿಕೊಳ್ಳಬಹುದೇ ಎಂಬ ವಿಷಯದಲ್ಲಿ ಅಂದಿನ ಸೂಚನೆಗಳು ಅಸ್ಪಷ್ಟವಾಗಿದ್ದುವು, ಅದರಿಂದಲೇ ಅವನು ಬಾಯಿಂದ ಹೇಳಿ ನಿಲ್ಲಿಸಿದನೇನೋ ಎಂಬ ಸಮಿತಿಯ ಊಹೆ. ಹಿರಿಯರ ಮಾತಿಗೆ ಎದುರಾಡಬಾರದೆಂಬ ಸಂಸ್ಕಾರದಲ್ಲಿ ಬೆಳೆದ ನಮ್ಮ ಮಕ್ಕಳಿಗೆ, ಹಿರಿಯನ ಕೈಯಿಂದ ವಿಮಾನವನ್ನು ಕಸಿದುಕೊಳ್ಳಬೇಕಾದ ಕ್ಷಣವೊಂದು ಬರಬಹುದೆಂಬುದನ್ನು, ಇನ್ನೂರು ಗಂಟೆಗಳ ಯಾವ ಗಂಟೆಯಲ್ಲಿ, ಯಾರು ಕಲಿಸುತ್ತಿದ್ದಾರೆ? ತಾನೇ ಪ್ರಶ್ನೆಗಳನ್ನು ಸಹಿಸದ ಬೋಧಕನ ಕೈಕೆಳಗೆ ಕಲಿತವನು ಮುಂದೆ ಕ್ಯಾಪ್ಟನ್ನನ್ನು ಪ್ರಶ್ನಿಸಲಾರನು.

ಇಷ್ಟೆಲ್ಲ ಇದ್ದೂ ಬೋಧಕನ ವೃತ್ತಿಗೆ ನಮ್ಮಲ್ಲಿ ದೊರೆತಿರುವ ಗೌರವ ಏನು? ಸಿಪಿಎಲ್ ಪಡೆದು ವಿಮಾನ ಕಂಪನಿಯ ಕರೆಗಾಗಿ ಕಾಯುತ್ತಿರುವ ತರುಣರು, ಕಾಯುವ ಕಾಲವನ್ನು ಕಳೆಯಲೂ ಗಂಟೆಗಳನ್ನು ಕೂಡಿಸಿಕೊಳ್ಳಲೂ ಸಹಾಯಕ ಬೋಧಕರಾಗುತ್ತಾರೆ. ಕರೆ ಬಂದ ದಿನ ಹೊರಟುಹೋಗುತ್ತಾರೆ. ಅವರನ್ನು ದೂಷಿಸಲಾಗದು, ಸಂಬಳದ ಅಂತರ ಅಂಥದು. ಫಲವೇನೆಂದರೆ, ಒಬ್ಬ ವಿದ್ಯಾರ್ಥಿ ಮೂವರು ನಾಲ್ವರು ಬೋಧಕರ ಕೈ ಬದಲಾಯಿಸಿ, ಅವನ ದೌರ್ಬಲ್ಯ ಯಾವುದೆಂದು ಯಾರೊಬ್ಬರೂ ಪೂರ್ತಿ ತಿಳಿಯುವ ಮುನ್ನವೇ ಅವನ ಗಂಟೆಗಳು ಭರ್ತಿಯಾಗುತ್ತವೆ. ಹಿರಿಯ ಬೋಧಕನಿಲ್ಲದೆ, ಹಾರಲು ಯೋಗ್ಯವಾದ ವಿಮಾನವಿಲ್ಲದೆ ಶಾಲೆಗಳು ತಿಂಗಳುಗಟ್ಟಲೆ ನಿಲ್ಲುವುದೂ ಉಂಟು. ಹಾಗೆ ನಿಂತಾಗ ವಿದ್ಯಾರ್ಥಿಯ ಸಾಲದ ಬಡ್ಡಿ ಮಾತ್ರ ನಿಲ್ಲುವುದಿಲ್ಲ. ಗಂಟೆಗಳೇ ಸರ್ವಸ್ವವಾದಲ್ಲಿ ಗಂಟೆಗಳನ್ನು ಸುಳ್ಳು ಬರೆಯುವವರೂ ಹುಟ್ಟುತ್ತಾರೆ: 2011ರಲ್ಲಿ ನಕಲಿ ಅಂಕಪಟ್ಟಿಗಳನ್ನು ತೋರಿಸಿ ಪರವಾನಗಿ ಪಡೆದಿದ್ದ ಚಾಲಕರ ಬಂಧನವಾದಾಗ, ಹಾರದ ಗಂಟೆಗಳನ್ನು ಹಾರಿದಂತೆ ಲಾಗ್‌ಬುಕ್ಕಿಗೆ ಏರಿಸಿದ ಪ್ರಕರಣಗಳೂ ಹೊರಬಿದ್ದು ದೇಶ ಬೆಚ್ಚಿತು.

ಹಣದ ವಿಷಯ ಎಲ್ಲರೂ ಬಲ್ಲುದು. ಸಿಪಿಎಲ್ ಮುಗಿಯುವ ವೇಳೆಗೆ ಐವತ್ತು ಲಕ್ಷ ರೂಪಾಯಿಗಳ ಆಸುಪಾಸು ಖರ್ಚಾಗುತ್ತದೆ. ಅಷ್ಟಾದ ಮೇಲೂ ಏರ್‌ಬಸ್ ಅಥವಾ ಬೋಯಿಂಗ್ ವಿಮಾನವೊಂದನ್ನು ನಡೆಸಲು ಬೇಕಾದ ಟೈಪ್ ರೇಟಿಂಗಿಗೆ ಇನ್ನೂ ಹತ್ತಿಪ್ಪತ್ತು ಲಕ್ಷ. ಅಮೆರಿಕಕ್ಕೋ ದಕ್ಷಿಣ ಆಫ್ರಿಕಕ್ಕೋ ಹೋಗಿ ಬೇಗ ಮುಗಿಸಿಕೊಂಡು ಬಂದವರು ಇಲ್ಲಿಯ ಪರೀಕ್ಷೆಗಳನ್ನು ಮತ್ತೆ ಬರೆದು ಪರವಾನಗಿಯನ್ನು ಪರಿವರ್ತಿಸಿಕೊಳ್ಳಬೇಕು. ಕೆಲಸ ಸಿಕ್ಕುವವರೆಗೆ ವರ್ಷಗಳೇ ಕಾಯುವವರಿದ್ದಾರೆ. ದೈವದತ್ತವಾದ ಕೈಚಳಕವೂ ತಣ್ಣನೆಯ ಮನಸ್ಸೂ ಇರುವ ರಾಯಚೂರಿನ ರೈತನ ಮಗಳಿಗಿಂತ, ಅವೆರಡೂ ಇಲ್ಲದ ಸಿರಿವಂತನ ಮಗನು ಈ ದಾರಿಯಲ್ಲಿ ಮುಂದಾಗುವನೆಂದರೆ, ನಷ್ಟ ಆ ಹುಡುಗಿಯದು ಮಾತ್ರವೆಂದು ವಿಮಾನದಲ್ಲಿ ಕುಳಿತಿರುವ ನಾವು ತಿಳಿಯಬಾರದು.

ನಮ್ಮ ದೇಶದಲ್ಲಿ ಈ ವಿದ್ಯೆ ಹೊಸದಲ್ಲ. ಇಲ್ಲಿ ಕೊಡಲಾದ ಮೊದಲನೆಯ ಸಂಖ್ಯೆಯ ಪರವಾನಗಿಯನ್ನು ಜೆ.ಆರ್.ಡಿ. ಟಾಟಾ ಪಡೆದುದು 1929ರ ಫೆಬ್ರವರಿ 10ರಂದು. ಸರಳಾ ಠಕ್ರಾಲ್ ಸೀರೆಯುಟ್ಟು ಜಿಪ್ಸಿ ಮಾತ್ ವಿಮಾನವನ್ನು ಒಬ್ಬಳೇ ಹಾರಿಸಿದುದು 1936ರಲ್ಲಿ. ಇಂದು ಚಾಲಕರಲ್ಲಿ ಸ್ತ್ರೀಯರ ಪ್ರಮಾಣ ನಮ್ಮಲ್ಲಿ ಲೋಕದ ಸರಾಸರಿಗಿಂತ ಬಹಳ ಹೆಚ್ಚು. 2021ರ ಜನವರಿಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಿಂದ ಉತ್ತರಧ್ರುವದ ಮೇಲಿನ ಹಾದಿಯಾಗಿ ಬೆಂಗಳೂರಿಗೆ ಬಂದಿಳಿದ ಏರ್ ಇಂಡಿಯಾ ವಿಮಾನದ ಚಾಲಕರೆಲ್ಲ ಮಹಿಳೆಯರೇ ಆಗಿದ್ದರು. ಸ್ವಾತಂತ್ರ್ಯ ಬಂದ ಹೊಸದರಲ್ಲಿಯೇ, ಸಿರಿವಂತರಲ್ಲದವರೂ ಹಾರುವುದನ್ನು ಕಲಿಯಲೆಂಬ ಉದ್ದೇಶದಿಂದ, ಮೈಸೂರು ರಾಜ್ಯ ಬೆಂಗಳೂರಿನ ಹೊರವಲಯದ ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯನ್ನು ನೆಲೆಗೊಳಿಸಿತು. ಅಂದು ಹೊಲಗಳ ನಡುವೆ ಇದ್ದ ಆ ಮೈದಾನ ಇಂದು ಮಹಡಿಗಳ ನಡುವೆ ಸಿಕ್ಕಿಕೊಂಡಿದೆ. ಹೊಸ ವಿಮಾನ ನಿಲ್ದಾಣಕ್ಕೆ ಹೋಗುವ ಮೇಲುರಸ್ತೆಯೇ ಹಳೆಯ ಶಾಲೆಯ ಓಡುಹಾದಿಗೆ ಅಡ್ಡ ಬಂದು, ಬಳಸಬಹುದಾದ ಉದ್ದವನ್ನು ಕುಗ್ಗಿಸಿತು. ಬೋಧಕರಿಲ್ಲದೆ ಅಲ್ಲಿ ಹಾರಾಟವೇ ನಿಂತುಹೋಗಿದ್ದ ಕಾಲವೂ ಉಂಟು. ಮುನ್ನೂರು ಮಂದಿಯನ್ನು ಹೊರುವ ವಿಮಾನಗಳಿಗಾಗಿ ಸಾವಿರಾರು ಎಕರೆ ಒದಗಿಸಿದ ರಾಜ್ಯಕ್ಕೆ, ಆ ವಿಮಾನಗಳನ್ನು ನಡೆಸುವವರು ತಯಾರಾಗುವ ಇನ್ನೂರು ಎಕರೆಯ ಮೇಲೆ ಆ ಅಕ್ಕರೆ ಉಳಿಯಲಿಲ್ಲವೆಂಬುದು ವಿಷಾದದ ಸಂಗತಿ.

ಆದಕಾರಣ ನನ್ನ ಕೋರಿಕೆ ಎರಡು. ರಾಜ್ಯ ಸರ್ಕಾರ ಜಕ್ಕೂರಿಗೆ ಹೊಸ ವಿಮಾನಗಳನ್ನು ಕೊಳ್ಳುವ ಮುನ್ನ, ವಿಮಾನ ಕಂಪನಿಗಳಿಂದಲೂ ವಾಯುಪಡೆಯಿಂದಲೂ ನಿವೃತ್ತರಾದ ಹಿರಿಯ ಚಾಲಕರನ್ನು ತಕ್ಕ ಸಂಬಳ ಕೊಟ್ಟು ಕರೆತಂದು, ಐದು ವರ್ಷವಾದರೂ ಕದಲದೆ ನಿಲ್ಲುವ ಬೋಧಕವೃಂದವೊಂದನ್ನು ಕಟ್ಟಲಿ. ಅರ್ಹರಾದ ಬಡ ವಿದ್ಯಾರ್ಥಿಗಳ ಖರ್ಚನ್ನು, ಸೇವೆಗೆ ಸೇರಿದ ಮೇಲೆ ಮರುಪಾವತಿ ಮಾಡುವ ಕರಾರಿನ ಮೇಲೆ ತಾನೇ ಹೊರಲಿ. ಮಕ್ಕಳನ್ನು ಈ ವಿದ್ಯೆಗೆ ಕಳಿಸಲಿರುವ ತಂದೆತಾಯಿಗಳು, ಶಾಲೆಯ ಕಚೇರಿಯಲ್ಲಿ ಕೊಡುವ ಹೊಳಪು ಕಾಗದದ ಪುಸ್ತಕವನ್ನು ಬದಿಗಿಟ್ಟು ನಾಲ್ಕು ಪ್ರಶ್ನೆಗಳನ್ನು ಕೇಳಲಿ: ಇಂದು ಹಾರಲು ಸಿದ್ಧವಾಗಿರುವ ವಿಮಾನಗಳೆಷ್ಟು, ಮುಖ್ಯ ಬೋಧಕರು ಇಲ್ಲಿ ಎಷ್ಟು ವರ್ಷದಿಂದ ಇದ್ದಾರೆ, ಕಳೆದ ತಿಂಗಳು ಒಬ್ಬೊಬ್ಬ ವಿದ್ಯಾರ್ಥಿಗೆ ಎಷ್ಟು ಗಂಟೆ ಹಾರಾಟ ದೊರೆಯಿತು, ಎರಡು ವರ್ಷದ ಹಿಂದೆ ಸೇರಿದವರಲ್ಲಿ ಮುಗಿಸಿದವರೆಷ್ಟು ಮಂದಿ. ಡಿಜಿಸಿಎ ಈಚೆಗೆ ತರಬೇತಿ ಶಾಲೆಗಳಿಗೆ ದರ್ಜೆಗಳನ್ನು ಕೊಟ್ಟು ಪ್ರಕಟಿಸಲು ಆರಂಭಿಸಿದೆ, ಅದನ್ನೂ ನೋಡಲಿ. ಉತ್ತರಗಳು ಬರವಣಿಗೆಯಲ್ಲಿ ಕೈಸೇರುವವರೆಗೆ ಮುಂಗಡ ಹಣವನ್ನು ಕಟ್ಟಬೇಡಿ.